ಎಡಗಿವಿ

ಎರಡು ದೋಣಿಯಲ್ಲಿ ಕಾಲಿಡಬೇಡ ಅನ್ನುತ್ತದೆ ಗಾದೆ.
ಇಟ್ಟರೇ ಸಂಬಳ, ನನ್ನ ಕಸುಬಿನಲ್ಲಿ.
ಒಂದು ಸರ್ವರಿಗೆ ಎರಡು ಕಾರ್ಡು, ಎರಡು ಕೇಬಲ್ಲು,
ನಡುವೆ ಎರಡು ಸ್ವಿಚ್ಚು, ಅತ್ತ ಎರಡು ಬಾಗಿಲು,
ಒಳಗೆ ಒಂದೇ ಉಗ್ರಾಣ.

ಹಲ್ಲು ಅನ್ನಲು ಹೊರಟು
ನಡುವೆಯೇ ನಾಲಗೆ ತಡೆದಂಥ ಹೆಸರಿನ ಊರು ಇದು, ಹಲ್.
ಹಂಬರ್ ನದಿ ಇನ್ನೇನು ಕಡಲಾಗಬೇಕು, ಕೆಸರುಗಂದು ನೀರು.
ಆಸ್ಪತ್ರೆಯ ನೆಲಮಾಳಿಗೆ, ಲಾಂಡ್ರಿಯ ಪಕ್ಕದ ಕೋಣೆ,
ಕೊರೆಯುವ ಗಾಳಿಯಲ್ಲಿ ಇಡೀ ಊರಿನ ಎಕ್ಸ್‌ರೇ:
ಮೀನುಗಾರನ ಮುರಿದ ಮಣಿಕಟ್ಟು,
ಶಾಲೆಯ ಹುಡುಗಿ ನುಂಗಿದ ನಾಣ್ಯ,
ಯಾರದೋ ಶ್ವಾಸಕೋಶದ ಮೇಲೆ ಬಂದು ಕೂತ ಬಿಳಿ ಚುಕ್ಕೆ.

ಮೊದಮೊದಲು ಯಂತ್ರಕ್ಕೂ ಭ್ರಮೆ.
ಒಂದೇ ಡಿಸ್ಕು ನಾಲ್ಕು ದಾರಿಯಲ್ಲಿ ಕಂಡರೆ
ನಾಲ್ಕು ಡಿಸ್ಕು ಅನ್ನುತ್ತದೆ,
ಕುಡಿದವನು ಚಂದ್ರನನ್ನು ಎಣಿಸಿದ ಹಾಗೆ.
ಕಿವಿ ಹಿಂಡಿ ಹೇಳಬೇಕು:
ಆ ಉದ್ದನೆಯ ನಂಬರು ಓದು, ಕೊನೆಯ ಅಂಕಿಯತನಕ ಓದು.
ದಾರಿ ನಾಲ್ಕು. ಮನೆ ಒಂದು.
ಆಗ ಹೂಂಗುಡುತ್ತದೆ. ಒಂದೇ ಹೆಸರಿಡುತ್ತೇನೆ.
ನೇರ ದಾರಿಗೆ ಬೆಣ್ಣೆ, ಬಳಸುದಾರಿಗೆ ಸುಣ್ಣ,
ಈ ತಾರತಮ್ಯ ನನ್ನ ಕೈಯಾರೆ ಬರೆದದ್ದು.

ಮಾರ್ಚಿನ ಭಾನುವಾರ, ರಾತ್ರಿ ಒಂದೂವರೆ.
ಮೊದಲ ಸ್ವಿಚ್ಚು ತೆಗೆದು ಹೊಸತು ಕೂರಿಸುವ ಕೆಲಸ.
ಎರಡನೆಯದು ಇದೆಯಲ್ಲ, ಹೆದರಿಕೆ ಏನು,
ಕೊಂಡಿಯ ಮೇಲೆ ಬೆರಳಿಟ್ಟಿದ್ದೆ.
ಯಾಕೋ ಒಮ್ಮೆ ಕೇಳೋಣ ಅನ್ನಿಸಿತು.
ಪಟ್ಟಿ ಬಂತು ಪರದೆಗೆ.
ಎರಡನೆಯ ಕಡೆಯ ಎರಡೂ ದಾರಿ ಸತ್ತಿದ್ದವು.

ಈಗಲ್ಲ. ಹದಿನಾರು ತಿಂಗಳ ಹಿಂದೆ.
ಹದಿನಾರು ತಿಂಗಳು ಒಂದೇ ಹೆಗಲು
ಎಲ್ಲರ ಮೂಳೆ ಹೊತ್ತಿತ್ತು, ಒಂದು ಸಲವೂ ಏದುಸಿರು ಬಿಡದೆ.
ಎಚ್ಚರಿಕೆ ಕಳಿಸಿತ್ತು ಯಂತ್ರ, ದಿನಾ ಬೆಳಿಗ್ಗೆ ಆರಕ್ಕೆ,
ನಿವೃತ್ತನಾಗಿ ವಿಟ್‌ಬಿಯಲ್ಲಿ ಏಡಿ ಹಿಡಿಯುತ್ತಿರುವ
ಕ್ಲೈವ್ ಔನ್ಸ್‌ವರ್ತನ ಹಳೆಯ ವಿಳಾಸಕ್ಕೆ.

ಕೈ ಹಿಂದಕ್ಕೆ ಬಂತು.
ನೆಲದ ಮೇಲೆ ಕುಕ್ಕರಿಸಿದೆ.

ಚಹಾ ತಂದವಳು ಮೇವಿಸ್ ಸ್ಟ್ಯಾದರ್, ರಾತ್ರಿಪಾಳಿಯ ಪೋರ್ಟರ್.
ವಿಷಯ ಕೇಳಿ ನಕ್ಕಳು: ನನ್ನ ಎಡಗಿವಿಯದೂ ಇದೇ ಕತೆ.
ಒಮ್ಮೆ ಬಲಗೈಗೆ ಪಟ್ಟಿ ಬಿದ್ದಿತ್ತಂತೆ,
ಈ ಊರಿನ ಕೆನೆಬಣ್ಣದ ಟೆಲಿಫೋನು ಗೂಡಿನಲ್ಲಿ ನಿಂತು
ರಿಸೀವರನ್ನು ಎಡಕ್ಕೆ ಹಿಡಿದಳಂತೆ.
ಗ್ರಿಮ್ಸ್‌ಬಿಯ ಅಕ್ಕ ಎತ್ತಿದಳು, ಮಾತಾಡಿದಳು, ಇವಳಿಗೆ ಬರಿ ಮೌನ.
ಲೈನು ಸತ್ತಿದೆ ಎಂದು ಇಟ್ಟಳು. ಮತ್ತೆ ಮಾಡಿದಳು. ಇಟ್ಟಳು.
ಮೂರನೆಯ ಸಲಕ್ಕೆ ಅಕ್ಕ ಮುನಿದವಳು
ಈಸ್ಟರ್ ತನಕ ಮಾತಾಡಲಿಲ್ಲ.
ಯಾವಾಗ ಹೋಯಿತೋ ಕಿವಿ, ಯಾರಿಗೆ ಗೊತ್ತು,
ಬಲಗಿವಿ ಹೇಳಲೇ ಇಲ್ಲ, ಅಂದಳು.

ಹುಡುಕಿದೆ. ರ‍್ಯಾಕಿನ ಬಾಗಿಲ ಸಂದಿನಲ್ಲಿ
ನಸುಹಳದಿ ಎಳೆಯೊಂದು ನುಲಿದು, ಚಪ್ಪಟೆಯಾಗಿ,
ಕಾಣದ ಬೆಳಕು ಅಲ್ಲೇ ಸೋರಿಹೋಗಿತ್ತು.
ಹೊಸ ಎಳೆ. ತುದಿ ಒರೆಸಿದೆ. ಕ್ಲಿಕ್.
ಒಂದು ಹಸಿರು. ತಡೆದು, ಇನ್ನೊಂದು.

ಆಮೇಲೆಯೇ ಮೊದಲನೆಯದನ್ನು ಎಳೆದದ್ದು.
ಯಂತ್ರ ಉಸಿರು ಬಿಗಿಹಿಡಿಯಿತು, ನಾನೂ.
ಬರೆಯಬೇಕಾದದ್ದೆಲ್ಲ ಸರತಿಯಲ್ಲಿ ನಿಂತಿತು,
ಏಳು, ಎಂಟು, ಒಂಬತ್ತು ಸೆಕೆಂಡು,
ಹೊರಳಿತು, ಹರಿಯಿತು ಬಳಸುದಾರಿಯಲ್ಲಿ.
ಮೇಲೆ ಮೂರನೆಯ ಮಹಡಿಯ ವೈದ್ಯೆ
ನಾಣ್ಯದ ಚಿತ್ರ ತಡವಾಯಿತೆಂದು ಇಲಿಯನ್ನು ಇನ್ನೊಮ್ಮೆ ಒತ್ತಿರಬಹುದು.
ಅಷ್ಟೇ.

ಕ್ಲೈವನ ವಿಳಾಸ ಅಳಿಸಿ ನನ್ನದು ಬರೆದೆ.
ಕೆಳಗೆ ಇನ್ನೊಂದಕ್ಕೆ ಜಾಗವಿತ್ತು.
ಕರ್ಸರು ಮಿಟುಕುತ್ತ ಕೂತಿತು.
ನಾನೂ ಒಂದು ದಿನ ಏಡಿ ಹಿಡಿಯಲು ಹೋಗುವವ,
ಎರಡನೆಯದಾಗಿ ಯಾರದು ಬರೆಯಲಿ, ಮೇವಿಸ್?
ಖಾಲಿ ಲೋಟ ಎತ್ತುತ್ತಿದ್ದಳು, ಉತ್ತರವಿಲ್ಲ.
ಮತ್ತೆ ಕೇಳಿದೆ.
ತುಟಿ ಆಡಿದ್ದು ಕಂಡಿತೇನೋ, ತಿರುಗಿ
ಬಲಗಡೆಯ ಕೂದಲು ಹಿಂದಕ್ಕೆ ಸರಿಸಿ ಅಂದಳು,
ಈ ಕಡೆ ಬಂದು ಹೇಳು.