ಆರಕ್ಕೆ ನಡುಮನೆ ಇಲ್ಲ

ಡಂಡೀ ಊರಿನ ಶಾಲೆ, ಊಟದ ಬಿಡುವು.
ಕಣ್ಣು ಕುಕ್ಕುವ ಹಳದಿ ಅಂಗಿ ತೊಟ್ಟು
ಬಿದ್ದವರನ್ನು ಎಬ್ಬಿಸುವುದು, ಜಗಳ ಬಿಡಿಸುವುದು,
ಕಡಲಹಕ್ಕಿಗಳಿಂದ ಬ್ರೆಡ್ಡು ಕಾಯುವುದು ನನ್ನ ಕೆಲಸ.
ಪಾಠಕ್ಕೂ ನನಗೂ ಸಂಬಂಧವಿಲ್ಲ.
ಹತ್ತನೆಯ ತರಗತಿ ಲೆಕ್ಕದಲ್ಲಿ ಮೂವತ್ತನಾಲ್ಕು ಬಂದವಳು;
ಆ ಒಂದಂಕ ಇನ್ನೂ ಬಾಕಿ.

ಅವನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ.
ಹೆಸರೇನೋ ಅಂದೆ. "ರೂವಾರಿ" ಅಂದ.
ನಕ್ಕುಬಿಟ್ಟೆ.
ಕೆಂಪುಕೂದಲ, ಮೂಗು ಸೋರುವ ಸ್ಕಾಟಿಷ್ ಹುಡುಗ
ನಮ್ಮ ಮಾತಿನಲ್ಲಿ ಕಲ್ಲು ಕಡೆಯುವವ!

"ಲೆಕ್ಕಕ್ಕೆ ನನ್ನದು ಬೇರೆ ಮೇಜು," ಅಂದ.
"ಎಂಟರ ಮಗ್ಗಿ ತಲೆಯಲ್ಲಿ ನಿಲ್ಲೋದಿಲ್ಲ."
ನಿಲ್ಲದಿದ್ದರೆ ಓಡಾಡಲಿ ಬಿಡು ಅಂದು
ಸೀಮೆಸುಣ್ಣದಲ್ಲಿ ಐದಕ್ಕೈದು ಮನೆ ಬರೆದೆ.
ಕವಡೆ ಎಲ್ಲಿಂದ ತರಲಿ?
ಬ್ರಾಟಿ ಫೆರ್ರಿಯ ಮರಳಲ್ಲಿ ಹೆಕ್ಕಿದ್ದ ಚಿಪ್ಪು, ನಾಲ್ಕು.
ಎಷ್ಟು ಬಾಯಿ ಮೇಲೋ ಅಷ್ಟು ಮನೆ;
ನಾಲ್ಕೂ ಬಾಯ್ತೆರೆದರೆ ಚೌಕ,
ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು.
ಒಬ್ಬರನ್ನಾದರೂ ಕಡಿ, ಒಳಸುತ್ತಿಗೆ ತಿರುಗು,
ನಡುಮನೆ ಸೇರಿದರೆ ಕಾಯಿ ಹಣ್ಣು.

ಮೂರು ದಿನ ಆಡಿದ. ನಾಲ್ಕನೆಯ ದಿನ ಆಡಲಿಲ್ಲ,
ಬರೀ ಎಸೆದ, ಎಸೆದ, ಗೋಡೆಗೆ ಗೀಟು ಹಾಕಿದ.
ನೂರು ಎಸೆತ. "ಎಂಟು ಹನ್ನೊಂದು ಸಲ ಬಿತ್ತು,
ನಾಲ್ಕು ಮೂರೇ ಸಲ.
ಅಪರೂಪದ್ದಕ್ಕೆ ಯಾಕೆ ಕಡಿಮೆ ಬೆಲೆ?"
ಯಾಕೆ? ಅಜ್ಜಿ ಹೇಳಿಕೊಟ್ಟದ್ದು ಹಾಗೆ, ಅವಳಿಗೆ ಅವಳಜ್ಜಿ.
"ಅವರ ಚಿಪ್ಪು ಬೇರೆ ಇರಬೇಕು," ಎಂದು
ಇಬ್ಬರನ್ನೂ ಕ್ಷಮಿಸಿ
ಎಂಟನ್ನೂ ನಾಲ್ಕನ್ನೂ ಅದಲು ಬದಲು ಮಾಡಿದ.
ಕೋಪ ಬಂತು ನನಗೆ, ಸ್ವಲ್ಪ. ಆಮೇಲೆ ಸೋತೆ.

ಮುಂದಿನ ವಾರ ಏಳಕ್ಕೇಳು.
ಒಳಗಿನಿಂದ ಎಣಿಸಿದ: ನಡುವೆ ಒಂದು, ಸುತ್ತ ಎಂಟು,
ಅದರ ಸುತ್ತ ಹದಿನಾರು, ಅದರಾಚೆ ಇಪ್ಪತ್ತನಾಲ್ಕು.
ಒಂಬತ್ತಕ್ಕೊಂಬತ್ತಕ್ಕೆ ಸುಣ್ಣ ಸಾಲಲಿಲ್ಲ.
"ಮೂವತ್ತೆರಡು," ಎಂದ, ಬರೆಯದೆಯೇ.
ಮಗ್ಗಿ ಎಂಬ ಮಾತು ನಾನೆತ್ತಲಿಲ್ಲ.
ಹಕ್ಕಿ ಬಂದು ಕೂತಾಗ ಚಪ್ಪಾಳೆ ತಟ್ಟಬಾರದು.

ಶುಕ್ರವಾರ ಆರಕ್ಕಾರು ಬರೆದು ಪೆಚ್ಚಾದ.
ಸುತ್ತಿ ಸುತ್ತಿ ಒಳಗೆ ಬಂದರೆ
ನಾಲ್ಕು ಮನೆ, ಒಂದಕ್ಕೊಂದು ಅಂಟಿಕೊಂಡು.
"ಆರಕ್ಕೆ ನಡುಮನೆ ಇಲ್ಲ!"
ಯಾರೋ ಕದ್ದೊಯ್ದ ಹಾಗೆ ಕೂಗಿದ, ನನ್ನ ಮುಖ ನೋಡಿದ.
ಗೊತ್ತಿದ್ದೂ ಹೇಳಲಿಲ್ಲ ಎಂದರೆ ಚೆನ್ನಾಗಿರುತ್ತಿತ್ತು.
ಗೊತ್ತಿರಲಿಲ್ಲ.
ಗಂಟೆ ಹೊಡೆಯಿತು. ಟೇ ನದಿ ಕಡೆಯಿಂದ ಮಂಜು ಬಂದು
ಬೇಲಿ, ಗೋಲುಕಂಬ, ಹುಡುಗರ ಸಾಲು
ಒಂದೊಂದೇ ಒರೆಸಿತು.

ಸೋಮವಾರ ಕೈಹಿಡಿದು ಎಳೆದೊಯ್ದ.
ಮಳೆ ತೊಳೆದ ಜಾಗದಲ್ಲೇ ಮತ್ತೆ ಆರಕ್ಕಾರು.
ನಾಲ್ಕು ಮನೆಯ ಮೂಲೆ ಕೂಡುವ ಚುಕ್ಕಿಯ ಮೇಲೆ
ಉಗುರಷ್ಟು ಕಲ್ಲು ನಿಲ್ಲಿಸಿದ.
"ನಡು ಇದೆ. ಮನೆ ಇಲ್ಲ, ಅಷ್ಟೆ."

ಅಲ್ಲಿಗೆ ಕಾಯಿ ಹೋಗುವುದು ಹೇಗೋ?
"ಅದಕ್ಕಿನ್ನೂ ನಿಯಮ ಮಾಡಿಲ್ಲ. ನೀನು ಮಾಡು,"
ಎಂದು ಚಿಪ್ಪು ನನ್ನ ಕೈಗೆ ಹಾಕಿದ.
ಎಲ್ಲೋ ಯಾರೋ ಬಿದ್ದು ಅಳುತ್ತಿದ್ದರು.
ಬಂದೆ, ಒಂದೇ ನಿಮಿಷ, ಅಂದೆ,
ಮೊಳಕಾಲೂರಿ.