ಹಗ್ಗ

ಹೆಸರು ಕೇಳಿದರು, ‘ಹರಳುಪ್ಪು’ ಅಂದೆ.
ವಯಸ್ಸಿಗೆ ಹತ್ತು ಕೂಡಿಸಿದೆ.
ಫೋಟೋದ ಜಾಗಕ್ಕೆ ಅಜ್ಜನ ಹಳೇ ಟೋಪಿ.
ಬೀದಿ ಯಾವುದು ಅಂದಾಗ
ನಗುಮುಖ ಒಂದನ್ನು ಒತ್ತಿ ಜಾರಿಕೊಂಡೆ.
ಯಸ್ನಾ ಎಂಬ ಹುಡುಗಿ ಎಲ್ಲೂ ಇರಲಿಲ್ಲ,
ಇದ್ದರೆ ಪುಂತಾ ಅರೇನಾಸಿನ ಈ ಅಡುಗೆಮನೆಯಲ್ಲಿ,
ಒಲೆಗೆ ಬೆನ್ನು ಕೊಟ್ಟು.

ಆಮೇಲೆ, ಸುಮ್ಮನೆ, ಹರಟೆಯ ಹದದಲ್ಲಿ,
‘ಎಂಥಾ ಗಾಳಿ ಇವತ್ತು! ಮೂಲೆಯಲ್ಲಿ ಹಗ್ಗ ಕಟ್ಟಿದ್ದಾರೆ,
ಅದನ್ನೇ ಹಿಡಿದು ಮನೆ ಸೇರಿದೆ’
ಅಂತ ಬರೆದುಬಿಟ್ಟೆ.

ಮೂರು ಚುಕ್ಕಿ ಮಿನುಗಿದವು. ಆರಿದವು. ಮತ್ತೆ ಮಿನುಗಿದವು.
‘ನಡೆಯೋರಿಗೆ ಹಗ್ಗ ಕಟ್ಟುವ ಊರು ಎಷ್ಟಿದ್ದಾವು?
ಯಾವ ಮೂಲೆ, ಔಷಧಿ ಅಂಗಡಿಯದಾ?’

ಒಲೆಯ ಬಿಸಿ ಬೆನ್ನಿಗೆ ಹತ್ತಲಿಲ್ಲ.
ಅಮ್ಮ ಕೇಳಿದಳು, ಯಾರೇ ಅದು?
ಯಾರೂ ಇಲ್ಲಮ್ಮ.
ಅದು ನಿಜವೂ ಹೌದು, ಭಯವೂ ಅದೇ.

ಹೆಸರನ್ನೇನೋ ಗಂಟು ಕಟ್ಟಿ ಇಟ್ಟಿದ್ದೆ;
ಗಾಳಿಗೆ ಯಾರು ಬೀಗ ಹಾಕ್ತಾರೆ?

ಉತ್ತರ ಕೊಡದೆ ಹೊರಬಂದೆ.
ಮಾರನೆ ದಿನ ಶಾಲೆಯ ದಾರಿಯಲ್ಲಿ
ಅದೇ ಹಗ್ಗ. ಹಿಡಿಯಲೇಬೇಕು,
ಇಲ್ಲವಾದರೆ ಗಾಳಿ ಎತ್ತಿ ಒಗೆಯುತ್ತದೆ.
ಆ ತುದಿಯಿಂದ ತಲೆ ತಗ್ಗಿಸಿಕೊಂಡು
ಯಾರೋ ಅದನ್ನೇ ಹಿಡಿದು ಬರುತ್ತಿದ್ದರು.
ಕೈಗವಸು ಮಾತ್ರ ಕಾಣುತ್ತಿತ್ತು.