ಬಾಲ

ಬೇಕರಿಯ ಮೇಲಿನ ಕೋಣೆ, ಕುತಾಯಿಸಿ. ಸಂಜೆ ಏಳು.
ನುಗ್ಝಾರ್ ವ್ಯಾನಿನ ಕೀಲಿ ಮೇಜಿನ ಮೇಲಿಟ್ಟು
ಈ ವಾರ ನುಂಗಿ ಬಂದ ಪದಗಳನ್ನು ಒಪ್ಪಿಸುತ್ತಾನೆ:
ಪ್ಲೆಥೊರಾ. ಯುಬಿಕ್ವಿಟಸ್. ನೆವರ್‌ದಿಲೆಸ್.
ತೂಕ ನೋಡಿ ಮಾರ್ಕು ಹಾಕುತ್ತಾರೆಂದು
ಯಾರೋ ಹೇಳಿದ್ದಾರಂತೆ.

ಎರಡು ಸಲ ಫೇಲು.
ಎರಡು ಸಲವೂ ಆನೆ ದಾಟಿತು, ಬಾಲ ಸಿಕ್ಕಿಕೊಂಡಿತು:
ಒಂದು ‘ದಿ’, ಒಂದು ‘ಆನ್’,
ಕಟ್ಟಿಕೊಂಡ ಹೆಂಡತಿಗೇ ‘ಹೀ’.
ನಮ್ಮ ಜಾರ್ಜಿಯನ್‌ನಲ್ಲಿ ಅವನೂ ಅವಳೂ ಒಂದೇ ಮಾತು,
ಯಾರೆಂದು ನಮಗೆ ಗೊತ್ತೇ ಇರುತ್ತದೆ.

ನಾನು ಲಮಾರಾ. ಮೂವತ್ತೆಂಟು ವರ್ಷ ಪಾಠ ಹೇಳಿದವಳು,
ಇಂಗ್ಲೆಂಡನ್ನು ಕ್ಯಾಸೆಟ್ಟಿನಲ್ಲಷ್ಟೇ ಕಂಡವಳು.
ಎಸೆ ಅವನ್ನೆಲ್ಲ ಕಿಟಕಿಯಾಚೆ, ಅಂದೆ.
ಸೀ ಅಂದರೆ ತಾನಾಗಿ ಕಣ್ಣಿಗೆ ಬಿದ್ದದ್ದು.
ಲುಕ್ ಅಂದರೆ ನೀನಾಗಿ ಕಣ್ಣು ಹಾಯಿಸಿದ್ದು.
ವಾಚ್ ಅಂದರೆ
ಮುಂದೇನಾಗುತ್ತದೋ ಎಂದು ನೋಡುತ್ತಾ ಕೂತದ್ದು.
ಈಗ ನಿನ್ನ ಬೆಳಗಿನ ಬಗ್ಗೆ ಹೇಳು.

ತಡವರಿಸಿದ.
ಕೆಳಗೆ ಒಲೆಯ ಗೋಡೆಗೆ ರೊಟ್ಟಿ ಬಡಿಯುವ ಸದ್ದು.
ಆಮೇಲೆ ಮೆಲ್ಲಗೆ, ಇಂಗ್ಲಿಷಿನಲ್ಲಿ:
ಐದಕ್ಕೆ ಏಳುತ್ತೇನೆ. ಟೀಗೆ ನೀರಿಡುತ್ತೇನೆ.
ಹೆಂಡತಿ ಇಟಲಿಯಲ್ಲಿದ್ದಾಳೆ.
ಅವಳು ಯಾರದೋ ತಾಯಿಯನ್ನು ನೋಡಿಕೊಳ್ಳುತ್ತಾಳೆ.
ಅವಳು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು
ಆ ಮುದುಕಿಗೆ ತಲೆ ಬಾಚುತ್ತಾಳೆ. ನಾನು ಇಲ್ಲಿಂದ ಅವಳನ್ನು

ನಿಂತ.
ಸೀ? ಲುಕ್? ವಾಚ್?
ಯಾವುದು ಟೀಚರ್, ಅಂದ.

ಉತ್ತರ ಪುಸ್ತಕದಲ್ಲಿದೆ, ಎಪ್ಪತ್ತನೇ ಪುಟ.
ತೆರೆಯಲಿಲ್ಲ ನಾನು.
‘ಶೀ’ ಈ ಸಲ ಸರಿಯಾಗಿ ಬಂತು, ಅಂದೆ,
ಎರಡು ಸಲವೂ.